ಐದು ಮತ್ತು ಎರಡೂವರೆ ವರ್ಷದ ಮಕ್ಕಳೊಂದಿಗೆ ವಂಡರ್‌ಲಾ: ದಿನವನ್ನು ಹೇಗೆ ಯೋಜಿಸಬೇಕು?

ಪ್ರಶ್ನೆ: ತುಮಕೂರಿನಿಂದ, ಇಬ್ಬರು ಮಕ್ಕಳ ತಾಯಿ

ಎಲ್ಲರಿಗೂ ನಮಸ್ಕಾರ. ನಮಗೆ ಯುಕೆಜಿ ಓದುತ್ತಿರುವ ಐದು ವರ್ಷದ ಮಗಳೂ ಎರಡೂವರೆ ವರ್ಷದ ಮಗನೂ ಇದ್ದಾರೆ. ಶಾಲೆಯ ಗೆಳತಿಯೊಬ್ಬಳು ಬಿಡದಿಯ ಮನರಂಜನಾ ಉದ್ಯಾನವಾದ ವಂಡರ್‌ಲಾಗೆ ಹೋಗಿಬಂದಾಗಿನಿಂದ ಮಗಳ ಬಾಯಲ್ಲಿ ಬೇರೆ ಮಾತೇ ಇಲ್ಲ. ಯಜಮಾನರು, ನಾನು, ಇಬ್ಬರು ಮಕ್ಕಳು ಮತ್ತು ಮಂಡಿನೋವಿರುವ ನಮ್ಮ ಅತ್ತೆಯವರು, ಹೀಗೆ ಐವರು ಕಾರಿನಲ್ಲಿ ಬೆಳಿಗ್ಗೆ ಹೊರಟು ರಾತ್ರಿಯೊಳಗೆ ಮನೆ ಸೇರಬೇಕೆಂಬುದು ನಮ್ಮ ಆಲೋಚನೆ. ನೋಡಿದ ವಿಡಿಯೋಗಳೆಲ್ಲ ಕಾಲೇಜು ಹುಡುಗರು ರೋಲರ್ ಕೋಸ್ಟರಿನಲ್ಲಿ ಕಿರುಚುವುದನ್ನು ತೋರಿಸುತ್ತವೆಯೇ ಹೊರತು, ಇಷ್ಟು ಚಿಕ್ಕ ಮಕ್ಕಳಿಗೆ ಅಲ್ಲಿ ಏನಿದೆ ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಮಗನಿಗೆ ಇನ್ನೂ ಮೂರು ತುಂಬಿಲ್ಲವಾದ್ದರಿಂದ ಅವನಿಗೆ ಟಿಕೆಟ್ ಬೇಡವೆಂದು ನಾನು ಭಾವಿಸಿದ್ದೇನೆ. ಇದು ಸರಿಯೇ? ದಸರಾ ರಜೆಯಲ್ಲಿ ಹೋಗುವುದು ಒಳ್ಳೆಯದೇ, ಬೇರೆ ತಿಂಗಳಿಗೆ ಕಾಯುವುದು ಒಳ್ಳೆಯದೇ? ನೀರಿನ ಆಟಗಳನ್ನು ಮೊದಲು ಆಡಿಸಬೇಕೇ, ಕೊನೆಗೆ ಉಳಿಸಿಕೊಳ್ಳಬೇಕೇ? ಊಟದ ವಿಷಯದಲ್ಲಿ ಮಗ ಬಹಳ ಹಟಮಾರಿ. ಮನೆಯಿಂದ ಮೊಸರನ್ನ ಕಟ್ಟಿಕೊಂಡು ಹೋಗಬಹುದೇ? ಅತ್ತೆಯವರನ್ನು ಕರೆದೊಯ್ಯುವುದು ಅವರಿಗೆ ಶಿಕ್ಷೆಯಾದೀತೇ? ಪುಟ್ಟ ಮಕ್ಕಳನ್ನು ಕರೆದೊಯ್ದ ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ಕೆಂಗೇರಿಯ ನಿವಾಸಿ

ನಮ್ಮ ಮನೆ ಮೈಸೂರು ರಸ್ತೆಯಲ್ಲೇ ಇರುವುದರಿಂದ ರಜೆಗೆ ಬರುವ ನೆಂಟರ ಮಕ್ಕಳನ್ನೆಲ್ಲ ಅಲ್ಲಿಗೆ ಕರೆದೊಯ್ಯುವ ಹೊಣೆ ನನ್ನ ಪಾಲಿಗೇ ಬರುತ್ತದೆ. ಆ ಅನುಭವದಿಂದ ಮೊದಲು ಹೇಳಬೇಕಾದದ್ದು ಇಷ್ಟು: ಹೊರಡುವ ಮೊದಲು ಮಕ್ಕಳ ವಯಸ್ಸನ್ನು ಮರೆತು ಅವರ ಎತ್ತರವನ್ನು ಅಳೆಯಿರಿ. ವಂಡರ್‌ಲಾದಲ್ಲಿ ಟಿಕೆಟ್ಟಿನ ದರವೂ ಎತ್ತರದ ಮೇಲೆಯೇ ನಿಂತಿದೆ, ಯಾವ ಆಟಕ್ಕೆ ಯಾರನ್ನು ಬಿಡಬೇಕೆಂಬುದೂ ಎತ್ತರದ ಮೇಲೆಯೇ ತೀರ್ಮಾನವಾಗುತ್ತದೆ. 85 ಸೆಂಟಿಮೀಟರಿಗಿಂತ ಕುಳ್ಳಗಿರುವ ಮಕ್ಕಳಿಗೆ ಪ್ರವೇಶ ಉಚಿತ. ಅಲ್ಲಿಂದ 140 ಸೆಂಟಿಮೀಟರಿನವರೆಗೆ ಮಕ್ಕಳ ಟಿಕೆಟ್. ಅದನ್ನು ಮೀರಿದವರು, ಆರನೇ ತರಗತಿಯಲ್ಲಿದ್ದರೂ ಸರಿ, ದೊಡ್ಡವರ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಪಟ್ಟಿಯಲ್ಲಿ ಎರಡೂವರೆ ವರ್ಷದ ಮಗುವಿನ ಮಧ್ಯಮ ಎತ್ತರವೇ ಸುಮಾರು 91 ಸೆಂಟಿಮೀಟರ್ ಇದೆ, ಎಂದರೆ ನಿಮ್ಮ ಮಗನಿಗೆ ಬಹುಮಟ್ಟಿಗೆ ಟಿಕೆಟ್ ಬೇಕಾಗುತ್ತದೆ. ಮಗುವನ್ನು ಬರಿಗಾಲಿನಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿ, ತಲೆಯ ಮೇಲೆ ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಅಡ್ಡವಾಗಿಟ್ಟು ಗುರುತು ಹಾಕಿಕೊಂಡರೆ ಪ್ರವೇಶದ್ವಾರದಲ್ಲಿ ವಾದಕ್ಕೆ ಎಡೆಯಿರುವುದಿಲ್ಲ.

ಐದು ವರ್ಷದ ಮಗು ಸಾಮಾನ್ಯವಾಗಿ 110 ಸೆಂಟಿಮೀಟರಿನ ಆಸುಪಾಸಿನಲ್ಲಿರುತ್ತದೆ. ಪ್ರತಿಯೊಂದು ದೊಡ್ಡ ಆಟದ ಬಾಗಿಲಲ್ಲೂ ಕನಿಷ್ಠ ಎತ್ತರದ ಫಲಕವಿರುತ್ತದೆ, ಅಲ್ಲಿ ನಿಂತಿರುವ ಸಿಬ್ಬಂದಿ ಎಷ್ಟು ಕೇಳಿಕೊಂಡರೂ ಸಡಿಲಿಸುವುದಿಲ್ಲ, ಸಡಿಲಿಸಲೂಬಾರದು. ಏಕೆಂದರೆ ಸೀಟಿನ ಸರಳು ಮತ್ತು ಪಟ್ಟಿಗಳು ಆ ಎತ್ತರಕ್ಕಿಂತ ಚಿಕ್ಕ ದೇಹವನ್ನು ಹಿಡಿದಿಡುವಂತೆ ರೂಪಿತವಾಗಿರುವುದಿಲ್ಲ. ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು ಕೊನೆಯಲ್ಲಿ ಹಿಂದಿರುಗಬೇಕಾಗಿ ಬಂದ ಮಗುವಿನ ಅಳುವನ್ನು ಸಮಾಧಾನಪಡಿಸುವುದು ಯಾವ ತಂದೆತಾಯಿಗೂ ಸುಲಭವಲ್ಲ. ಆದ್ದರಿಂದ ಮಗಳು ಆಡಬಹುದಾದ ಆಟಗಳಾವುವು ಎಂಬುದನ್ನು ಮುಂಚಿತವಾಗಿಯೇ ಅವರ ಜಾಲತಾಣದಲ್ಲಿ ನೋಡಿಕೊಂಡು, ಆ ಪಟ್ಟಿಯನ್ನು ಮನೆಯಲ್ಲಿಯೇ ಅವಳಿಗೆ ಓದಿ ಹೇಳಿ. ಮಕ್ಕಳ ವಿಭಾಗದ ಚಿಕ್ಕ ಆಟಗಳು, ಮೆರ್ರಿ-ಗೋ-ರೌಂಡ್, ಮಕ್ಕಳ ಕೊಳ, ಬೆಚ್ಚಗಿನ ನೀರು ಸುರಿಯುವ ರೇನ್ ಡಿಸ್ಕೋ, ಇಷ್ಟರಲ್ಲೇ ಆ ವಯಸ್ಸಿನವರಿಗೆ ದಿನ ತುಂಬುತ್ತದೆ. ಸಾಲನ್ನು ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ಟಿಗೆ ಹೆಚ್ಚು ಹಣ ಕೊಡುವ ಅಗತ್ಯ ನಿಮಗಿಲ್ಲ. ಉದ್ದನೆಯ ಸಾಲುಗಳು ಇರುವುದು ನಿಮ್ಮ ಮಕ್ಕಳು ಹತ್ತಲಾಗದ ಆಟಗಳ ಮುಂದೆ.

ತಿಂಗಳಿನ ವಿಷಯ. ದಸರಾ ರಜೆ, ಕ್ರಿಸ್‌ಮಸ್ ವಾರ ಮತ್ತು ಏಪ್ರಿಲ್-ಮೇ ತಿಂಗಳ ವಾರಾಂತ್ಯಗಳನ್ನು ಬಿಡಿ ಎಂಬುದು ಎಲ್ಲರೂ ಹೇಳುವ ಮಾತು. ಹೆಚ್ಚಿನವರು ಗಮನಿಸದಿರುವುದೆಂದರೆ, ನವೆಂಬರಿನಿಂದ ಜನವರಿಯವರೆಗೆ ವಾರದ ದಿನಗಳಲ್ಲೂ ಶಾಲಾ ಪ್ರವಾಸದ ಬಸ್ಸುಗಳು ಸಾಲುಸಾಲಾಗಿ ಬಂದು ನಿಲ್ಲುತ್ತವೆ, ಹೈಸ್ಕೂಲಿನ ಮಕ್ಕಳ ಗುಂಪುಗಳು ಕೊಳಗಳನ್ನು ತುಂಬಿಬಿಡುತ್ತವೆ, ಅಲ್ಲದೆ ಡಿಸೆಂಬರಿನ ಚಳಿಗೆ ನೆನೆದ ಚಿಕ್ಕ ಮಕ್ಕಳು ನಡುಗುತ್ತಾರೆ. ನನ್ನ ಆಯ್ಕೆ ಜೂನ್ ಮಧ್ಯದಿಂದ ಜುಲೈವರೆಗಿನ ಯಾವುದಾದರೂ ಮಂಗಳವಾರ ಅಥವಾ ಬುಧವಾರ. ಶಾಲೆಗಳು ಆಗಷ್ಟೇ ಆರಂಭವಾಗಿರುತ್ತವೆ, ಬಿಸಿಲೂ ಇಳಿದಿರುತ್ತದೆ, ವಾರದ ದಿನದ ದರವೂ ಕಡಿಮೆ. ಯುಕೆಜಿಯ ಮಗು ಒಂದು ದಿನ ಶಾಲೆ ತಪ್ಪಿಸಿದರೆ ಮಗ್ಗಿಯೇನೂ ಮರೆತುಹೋಗುವುದಿಲ್ಲ. ಗುಡುಗು ಸಿಡಿಲಿನ ಮಳೆ ಬಂದರೆ ಮಾತ್ರ ಆಟಗಳನ್ನು ನಿಲ್ಲಿಸುತ್ತಾರೆ. ಆದ್ದರಿಂದ ಹಿಂದಿನ ದಿನ ಹವಾಮಾನವನ್ನು ನೋಡಿಕೊಂಡು ಹೊರಡಿ.

ಬೆಳಿಗ್ಗೆ 11ಕ್ಕೆ ಬಾಗಿಲು ತೆರೆದ ಕೂಡಲೇ ಒಳಗೆ ಹೋಗಿ ಮಕ್ಕಳ ಒಣ ಆಟಗಳನ್ನು ಮುಗಿಸಿ. ಊಟವಾಗಿ ಸ್ವಲ್ಪ ಹೊತ್ತು ಕಳೆದ ಮೇಲೆ ಬಿಸಿಲಿರುವಾಗಲೇ ನೀರಿಗಿಳಿಸಿ, ಬಟ್ಟೆ ಬದಲಿಸಿದ ಮೇಲೆ ಮತ್ತೆ ಯಾವ ಆಟಕ್ಕೂ ಹೋಗದೆ ನೇರವಾಗಿ ಕಾರು ಹತ್ತಿ. ನೆನೆದು ಒಣಗಿ ಮತ್ತೆ ನೆನೆಯುವ ಕ್ರಮದಲ್ಲಿ ಅರ್ಧ ದಿನ ಬಟ್ಟೆ ಬದಲಿಸುವ ಕೋಣೆಯಲ್ಲೇ ಕಳೆಯುತ್ತದೆ. ನೀರಿನ ಆಟಗಳಿಗೆ ಹತ್ತಿಯ ಬಟ್ಟೆಯನ್ನು ಬಿಡುವುದಿಲ್ಲ, ನೈಲಾನ್ ಉಡುಪೇ ಬೇಕು. ದೊಡ್ಡವರಿಗೂ ಇದೇ ನಿಯಮ. ಊರಿನಲ್ಲೇ ಕೊಂಡುಕೊಂಡರೆ ಅಳತೆ ನೋಡಿ ಕೊಳ್ಳಬಹುದು.

ಹೊರಗಿನ ತಿಂಡಿಯನ್ನು ಒಳಗೆ ಬಿಡುವುದಿಲ್ಲ, ಎಳೆಯ ಮಕ್ಕಳ ಆಹಾರಕ್ಕೆ ವಿನಾಯಿತಿಯಿದೆ. ಎರಡೂವರೆ ವರ್ಷದವನ ಪುಟ್ಟ ಡಬ್ಬಿಯಲ್ಲಿ ಮೊಸರನ್ನವನ್ನು ಒಯ್ಯಲು ಅನುಮತಿ ಸಿಗುವುದೇ ಎಂಬುದನ್ನು ಟಿಕೆಟ್ ಕೊಳ್ಳುವಾಗಲೇ ಫೋನ್ ಮಾಡಿ ಕೇಳಿಕೊಳ್ಳಿ. ಬಿಡದಿಯ ತಟ್ಟೆ ಇಡ್ಲಿಯನ್ನು ಶಿಫಾರಸು ಮಾಡುವುದು ನಮ್ಮ ಕಡೆಯ ವಾಡಿಕೆಯಾದರೂ, ಕ್ಯಾತ್ಸಂದ್ರದ ತಟ್ಟೆ ಇಡ್ಲಿಯನ್ನು ದಾಟಿಕೊಂಡು ಬರುವವರಿಗೆ ಅದನ್ನು ಹೇಳುವ ಧೈರ್ಯ ನನಗಿಲ್ಲ. ಅಲ್ಲಿಯೇ ಹೊಟ್ಟೆ ತುಂಬಿಸಿಕೊಂಡು ಹೊರಡಿ.

ಉತ್ತರ 2: ಮಕ್ಕಳ ವಾರ್ಡಿನಲ್ಲಿ ಶುಶ್ರೂಷಕಿ, ಹಾಸನ

ಮೇಲಿನವರು ನೀರಿನ ವಿಷಯವನ್ನು ಬಟ್ಟೆಯೊಂದಿಗೆ ಮುಗಿಸಿದ್ದಾರೆ. ನನಗೆ ಮುಖ್ಯವೆನಿಸುವುದು ಅದರ ನಂತರದ ಭಾಗ. ಮುಳುಗುತ್ತಿರುವ ಮಗು ಕೂಗುವುದಿಲ್ಲ, ಕೈ ಬಡಿಯುವುದೂ ಇಲ್ಲ. ಬಾಯಿ ನೀರಿನ ಮಟ್ಟಕ್ಕೆ ಬಂದಾಗ ಉಸಿರಿಗೇ ಅವಕಾಶವಿಲ್ಲದಿರುವಾಗ ದನಿ ಹೊರಡುವುದಾದರೂ ಹೇಗೆ? ಮೊಣಕಾಲುದ್ದದ ನೀರಿನಲ್ಲೂ, ನಾಲ್ಕು ಮಂದಿಯ ನಡುವೆಯೂ ಇದು ನಡೆಯಬಲ್ಲದು. ಜೀವರಕ್ಷಕರು ಇಡೀ ಕೊಳವನ್ನು ಕಾಯುತ್ತಿರುತ್ತಾರೆ, ನಿಮ್ಮ ಮಗುವೊಂದನ್ನೇ ಅಲ್ಲ. ಆದ್ದರಿಂದ ಮಗನು ನೀರಿನಲ್ಲಿರುವಷ್ಟು ಹೊತ್ತೂ ಒಬ್ಬ ದೊಡ್ಡವರು ಕೈ ಚಾಚಿದರೆ ಎಟುಕುವಷ್ಟು ಹತ್ತಿರದಲ್ಲಿ, ಮೊಬೈಲ್ ಇಲ್ಲದೆ, ನೀರಿನೊಳಗೇ ಇರಬೇಕು. «ಎಲ್ಲರೂ ನೋಡುತ್ತಿದ್ದೇವೆ» ಎಂದರೆ ಯಾರೂ ನೋಡುತ್ತಿಲ್ಲವೆಂದೇ ಅರ್ಥ. ಈಗ ಕಾಯುವವರು ಯಾರು ಎಂಬುದನ್ನು ಹೆಸರು ಹೇಳಿ ಒಪ್ಪಿಸಿ. ಗಾಳಿ ತುಂಬಿದ ತೋಳುಪಟ್ಟಿಗಳು ಆಟದ ಸಾಮಾನುಗಳೇ ಹೊರತು ಜೀವರಕ್ಷಣೆಯ ಸಾಧನಗಳಲ್ಲ. ಅಲೆಯ ಕೊಳಕ್ಕೆ ಮಗನನ್ನು ಕರೆದೊಯ್ಯಬೇಡಿ. ಮಗಳನ್ನು ಕರೆದೊಯ್ದರೂ ನೀರು ಪಾದ ಮುಚ್ಚುವ ಅಂಚಿನಲ್ಲಿ ಕೈ ಹಿಡಿದುಕೊಂಡೇ ನಿಲ್ಲಿ.

ಈಜುಡುಗೆಯ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ನೀಲಿ ಅಥವಾ ಬಿಳಿಯ ಉಡುಪು ಕೊಳದ ನೀರಿನಲ್ಲಿ ಕರಗಿಹೋಗುತ್ತದೆ. ಕಿತ್ತಳೆ ಅಥವಾ ಕಡುಗುಲಾಬಿಯನ್ನು ದೂರದಿಂದಲೂ ಗುರುತಿಸಬಹುದು. ಬೆಳಿಗ್ಗೆ ತೆಗೆದ ಫೋಟೋದಲ್ಲಿರುವ ಬಟ್ಟೆ ಮಧ್ಯಾಹ್ನ ಮಗುವಿನ ಮೈಮೇಲೆ ಇರುವುದಿಲ್ಲವಾದ್ದರಿಂದ, ಈಜುಡುಗೆ ತೊಡಿಸಿದ ಕೂಡಲೇ ಇನ್ನೊಂದು ಫೋಟೋ ತೆಗೆದಿಟ್ಟುಕೊಳ್ಳಿ. ಇಬ್ಬರ ಮುಂಗೈ ಮೇಲೂ ಅಳಿಸದ ಪೆನ್ನಿನಲ್ಲಿ ನಿಮ್ಮ ಫೋನ್ ಸಂಖ್ಯೆಯನ್ನು ಬರೆಯಿರಿ.

ಚಿಕ್ಕ ಮಕ್ಕಳ ಮೈಯ ಬಿಸಿ ದೊಡ್ಡವರಿಗಿಂತ ಬೇಗ ನೀರಿಗೆ ಹೋಗುತ್ತದೆ. ತುಟಿ ನೀಲಿಗಟ್ಟುವವರೆಗೆ ಕಾಯದೆ, ನಡುಕ ಆರಂಭವಾದೊಡನೆ ಹೊರತೆಗೆದು, ಒರೆಸಿ, ಒಣಬಟ್ಟೆಯಲ್ಲಿ ಸುತ್ತಿ ಏನಾದರೂ ತಿನ್ನಿಸಿ. ನೀರಿನಲ್ಲಿರುವ ಮಗುವಿಗೆ ಬಾಯಾರಿಕೆ ತಿಳಿಯದಿರುವುದರಿಂದ ಆಗಾಗ ನೀವೇ ನೀರು ಕುಡಿಸಬೇಕು. ಓಆರ್‌ಎಸ್ ಒಯ್ಯುವುದಾದರೆ ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಹಾಕಿ. ಸ್ವಲ್ಪ ಪುಡಿ ಸ್ವಲ್ಪ ನೀರು ಎಂಬ ಅಂದಾಜಿನಲ್ಲಿ ಕಲಸಿದರೆ ಲವಣದ ಪ್ರಮಾಣ ಕೆಡುತ್ತದೆ. ಮಗನಿಗೆ ಇನ್ನೂ ಡಯಾಪರ್ ಹಾಕುತ್ತಿದ್ದರೆ ಈಜಿಗೆಂದೇ ಸಿಗುವ ಡಯಾಪರ್ ಬೇಕು, ಸಾಮಾನ್ಯದ್ದು ನೀರು ಹೀರಿ ಉಬ್ಬಿಕೊಳ್ಳುತ್ತದೆ. ಆ ವಾರ ಭೇದಿಯಾಗಿದ್ದರೆ ಅಥವಾ ಕಿವಿ ಸೋರುತ್ತಿದ್ದರೆ ನೀರಿಗೆ ಇಳಿಸಲೇಬೇಡಿ.

ಉತ್ತರ 3: ಮೈಸೂರಿನ ಓದುಗರು

ಮೇಲಿನ ಇಬ್ಬರ ಸಲಹೆಗಳೂ ಉಪಯುಕ್ತವೇ, ಆದರೆ ನಾನು ಒಂದು ಭಿನ್ನ ಮಾತು ಹೇಳುತ್ತೇನೆ. ಎರಡೂವರೆ ವರ್ಷದ ಮಗುವಿಗಾಗಿ ಇಷ್ಟೊಂದು ಸಿದ್ಧತೆ, ಇಷ್ಟೊಂದು ಖರ್ಚು ಮಾಡಿ, ಕೊನೆಗೆ ಅದು ಕೊಳದ ಅಂಚಿನಲ್ಲಿ ಲೋಟದಿಂದ ನೀರು ಸುರಿಯುವುದರಲ್ಲೇ ಸಂತೋಷಪಡುವುದಾದರೆ ಎರಡು ವರ್ಷ ಕಾಯುವುದೇ ಲೇಸಲ್ಲವೇ? ಈ ವರ್ಷ ಮೈಸೂರಿನ ಚಾಮರಾಜೇಂದ್ರ ಮೃಗಾಲಯಕ್ಕೆ ಬನ್ನಿ. 1892ರಲ್ಲಿ ಆರಂಭವಾದ ಆ ಮೃಗಾಲಯದಲ್ಲಿ ಮರಗಳ ನೆರಳಿದೆ, ಜಿರಾಫೆಯನ್ನು ನೋಡುವುದಕ್ಕೆ ಎತ್ತರದ ಮಿತಿಯಿಲ್ಲ, ನಡೆಯಲಾಗದ ಹಿರಿಯರಿಗೆ ಬ್ಯಾಟರಿ ಚಾಲಿತ ವಾಹನವೂ ಇದೆ. ವಾರದ ರಜೆ ಮಂಗಳವಾರ ಎಂಬುದನ್ನು ಮಾತ್ರ ನೆನಪಿಡಿ. ತುಮಕೂರಿನಿಂದ ದೂರ ಹೆಚ್ಚಾಗುವುದರಿಂದ ಒಂದು ರಾತ್ರಿ ತಂಗಬೇಕಾದೀತು. ನಿಮ್ಮ ಅತ್ತೆಯವರಿಗಂತೂ ಇದೇ ಹೆಚ್ಚು ಹಿತ. ವಂಡರ್‌ಲಾದಲ್ಲಿ ಅವರು ಚೀಲಗಳನ್ನು ಕಾಯುತ್ತ ಕುಳಿತಿರುವುದನ್ನು ನಾನು ಕಲ್ಪಿಸಿಕೊಳ್ಳಬಲ್ಲೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಸಂಜೆ ಇಬ್ಬರನ್ನೂ ಗೋಡೆಗೆ ನಿಲ್ಲಿಸಿ ಅಳೆದೆವು: ಮಗಳು 108, ಮಗ 90 ಸೆಂಟಿಮೀಟರ್. ಉಚಿತ ಪ್ರವೇಶದ ಆಸೆಯನ್ನು ಅಲ್ಲಿಗೇ ಬಿಟ್ಟೆವು. ಮೃಗಾಲಯದ ಸಲಹೆಯನ್ನು ಅತ್ತೆಯವರಿಗೆ ಓದಿ ಹೇಳಿದಾಗ ಅವರು ಕೂಡಲೇ ಮೈಸೂರಿನ ಪಕ್ಷ ಸೇರಿದರು, ಹಾಗೆಯೇ ವಂಡರ್‌ಲಾಗೆ ತಾವು ಬರುವುದಿಲ್ಲವೆಂದೂ ಸ್ಪಷ್ಟವಾಗಿ ತಿಳಿಸಿದರು. ಮಗಳಿಗೆ ಮಾತು ಕೊಟ್ಟಾಗಿರುವುದರಿಂದ ಜುಲೈನ ಒಂದು ಬುಧವಾರ ವಂಡರ್‌ಲಾ, ದಸರೆಯ ಗದ್ದಲ ಕಳೆದ ಮೇಲೆ ಅತ್ತೆಯವರೊಂದಿಗೆ ಮೈಸೂರು ಎಂದು ತೀರ್ಮಾನಿಸಿದ್ದೇವೆ. ದಾರಿಯ ಬಗ್ಗೆ ಒಂದು ಸಂದೇಹ ಉಳಿದಿದೆ. ನಗರದೊಳಗೆ ಹೋಗದೆ ತಲುಪುವುದು ಹೇಗೆ, ಹಿಂದಿರುಗಲು ಎಷ್ಟು ಹೊತ್ತಿಗೆ ಹೊರಡಬೇಕು?

ಉತ್ತರ 1 ಬರೆದವರು

ನೆಲಮಂಗಲ ದಾಟಿದ ಮೇಲೆ ಮಾದಾವರದ ಬಳಿ ನೈಸ್ ರಸ್ತೆಯನ್ನು ಹಿಡಿಯಿರಿ. ಸುಂಕ ಕೊಡಬೇಕಾದರೂ ಪೀಣ್ಯ, ಯಶವಂತಪುರಗಳ ದಟ್ಟಣೆ ತಪ್ಪುತ್ತದೆ. ಅದು ಕೆಂಗೇರಿಯ ಸಮೀಪ ಮೈಸೂರು ರಸ್ತೆಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ಎಚ್ಚರಿಕೆ ಬೇಕು. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯಪಥವನ್ನು ಹತ್ತಿಬಿಟ್ಟರೆ ಬೇಕೆಂದ ಕಡೆ ಇಳಿಯಲಾಗುವುದಿಲ್ಲ. ಉದ್ಯಾನವಿರುವುದು ಬಿಡದಿಗಿಂತ ಮೊದಲೇ ಆದ್ದರಿಂದ ಸರ್ವಿಸ್ ರಸ್ತೆಯಲ್ಲೇ ನಿಧಾನವಾಗಿ ಸಾಗಿ. ಕಾರಿಲ್ಲದವರು ಯಾರಾದರೂ ಇದನ್ನು ಓದುತ್ತಿದ್ದರೆ, ನೇರಳೆ ಮಾರ್ಗದ ಮೆಟ್ರೋದಲ್ಲಿ ಕೊನೆಯ ನಿಲ್ದಾಣವಾದ ಚಲ್ಲಘಟ್ಟದವರೆಗೆ ಬಂದು, ಅಲ್ಲಿಂದ ಬಿಡದಿಯ ಕಡೆ ಹೋಗುವ ಬಸ್ಸನ್ನೋ ಆಟೋವನ್ನೋ ಹಿಡಿಯಬಹುದು.

ಹಿಂದಿರುಗಲು ನಾಲ್ಕೂವರೆಗೆ ಉದ್ಯಾನದ ಬಾಗಿಲು ದಾಟಿರಿ. ಸಂಜೆ ಕಚೇರಿ ಬಿಡುವ ಹೊತ್ತಿಗೆ ಮೈಸೂರು ರಸ್ತೆ ಸೇರಿದರೆ ನೈಸ್ ರಸ್ತೆಯವರೆಗೆ ಬರುವುದಕ್ಕೇ ತಡವಾಗುತ್ತದೆ. ಹೊರಡುವ ಮೊದಲು ಇಬ್ಬರಿಗೂ ರಾತ್ರಿಯ ಉಡುಪನ್ನೇ ತೊಡಿಸಿಬಿಡಿ, ಏಕೆಂದರೆ ಕೆಂಗೇರಿ ಬರುವುದರೊಳಗೆ ಇಬ್ಬರೂ ಮಲಗಿರುತ್ತಾರೆ.