ಟೈಟಾನ್ ಫಾರ್ವರ್ಡ್: ಮನೆ ಗ್ರೂಪಲ್ಲಿ ನಡೆದ ವಾದ

ದೊಡ್ಡಪ್ಪ: [ಫಾರ್ವರ್ಡ್, ಜೊತೆಗೆ ನೀಲಿ ಸಮುದ್ರದ ಫೋಟೋ] 🪐 ಎರಡನೇ ಭೂಮಿ ಸಿಕ್ಕಿತು!! ಶನಿಯ ಚಂದ್ರ ಟೈಟಾನ್‌ನಲ್ಲಿ ನದಿ, ಸಮುದ್ರ, ಮಳೆ! ಸ್ಪೇಸ್ ಸೂಟ್ ಇಲ್ಲದೆ ಓಡಾಡಬಹುದು! ಎಲ್ಲರಿಗೂ ಕಳಿಸಿ 🙏

ವಿದ್ಯಾ: ದೊಡ್ಡಪ್ಪ, ಆ ನೀಲಿ ಸಮುದ್ರದ ಫೋಟೋ ಟೈಟಾನ್‌ದಲ್ಲ. ಅಲ್ಲಿ ಆಕಾಶಾನೇ ಕಿತ್ತಳೆ ಬಣ್ಣ, ದಟ್ಟ ಮಬ್ಬು. 1980ರಲ್ಲಿ ವಾಯೇಜರ್ 1 ನೌಕೆ ಪ್ಲೂಟೋ ಕಡೆ ಹೋಗೋ ದಾರೀನೇ ಬಿಟ್ಟು ಇದನ್ನ ನೋಡೋಕೆ ಹೋಯ್ತು, ಅಷ್ಟಾದ್ರೂ ನೆಲ ಕಾಣಿಸ್ಲೇ ಇಲ್ಲ

ದೊಡ್ಡಪ್ಪ: ಫೋಟೋ ಬಿಡಮ್ಮ. ನದಿ ಇದ್ಯೋ ಇಲ್ವೋ ಅದು ಹೇಳು

ವಿದ್ಯಾ: ಇದೆ. ಆದ್ರೆ ಹರಿಯೋದು ನೀರಲ್ಲ, ಮೀಥೇನ್. ನಮ್ಮಲ್ಲಿ ಅನಿಲ, ಆ ಚಳೀಲಿ ದ್ರವ. ಮೈನಸ್ 179 ಡಿಗ್ರಿ, ಅಲ್ಲಿ ನೀರು ಬಂಡೆ ಥರ ಗಟ್ಟಿ

ಕಿರಣ: ಅಂದ್ಮೇಲೆ ಫುಲ್ ಫೇಕ್. ಡಿಲೀಟ್ ಮಾಡಿ ದೊಡ್ಡಪ್ಪ

ವಿದ್ಯಾ: ಫುಲ್ ಫೇಕ್ ಅನ್ಬೇಡ ಕಣೋ, ಅದೂ ಅಷ್ಟೇ ಸುಳ್ಳು. 2005 ಜನವರಿ 14ಕ್ಕೆ ಹೈಗೆನ್ಸ್ ನೌಕೆ ಪ್ಯಾರಾಚೂಟ್ ಕಟ್ಕೊಂಡು ಸುಮಾರು ಎರಡೂವರೆ ಗಂಟೆ ಕೆಳಗಿಳೀತಲ್ಲ, ಇಳೀತಾ ತೆಗೆದ ಫೋಟೋದಲ್ಲಿ ಕವಲು ಕವಲಾಗಿ ಹೊಳೆ ಕೊರೆದಿರೋ ಗುರುತು ಸ್ಪಷ್ಟವಾಗಿದೆ, ಇನ್ನು ನೆಲ ಮುಟ್ಟಿದ್ಮೇಲೆ ತೆಗೆದಿದ್ದು ನೋಡು, ಕ್ಯಾಮರಾ ಮುಂದೇನೇ ಮೂಲೆ ಸವೆದು ಉರುಟಾಗಿರೋ ಗಡ್ಡೆಗಳು, ಕಲ್ಲು ಅಂತಾನೇ ಅನ್ಸುತ್ತೆ, ಆದ್ರೆ ನೀರಿನ ಮಂಜುಗಡ್ಡೆ ಅವು, ಹರಿಯೋ ದ್ರವ ಉರುಳಿಸಿ ಉರುಳಿಸಿ ಹಾಗಾಗಿರೋದು

ಅತ್ತೆ: ಸೂಟ್ ಇಲ್ದೆ ಓಡಾಡೋದು ನಿಜಾನಾ ವಿದ್ಯಾ?

ವಿದ್ಯಾ: ಅದೇ ಅಪಾಯದ ಸಾಲು ಅತ್ತೆ. ಗಾಳಿ ಒತ್ತಡ ನಮ್ಮ ಒಂದೂವರೆ ಪಟ್ಟು, ಹಾಗಾಗಿ ಒತ್ತಡಕ್ಕೆ ಅಂತ ಸೂಟ್ ಬೇಡ. ಉಸಿರಾಡೋಕೆ ಆಮ್ಲಜನಕ ಎಲ್ಲಿದೆ? ಬಹುಪಾಲು ಸಾರಜನಕ. ಚಳಿ ಬೇರೆ

ದೊಡ್ಡಪ್ಪ: ಸರಿ. ಅಡ್ಡಳತೆ 5150 ಕಿ.ಮೀ., ಬುಧನಿಗಿಂತ ದೊಡ್ಡದು. ಗ್ರಹ ಅನ್ನೋಕೇನು ಅಡ್ಡಿ?

ಕಿರಣ: ತೂಕದಲ್ಲಿ ಬುಧನ ಅರ್ಧಾನೂ ಇಲ್ಲ, ಮೇಲಾಗಿ ಸುತ್ತೋದು ಶನಿನ. ಉಪಗ್ರಹ ಅಷ್ಟೇ

ದೊಡ್ಡಪ್ಪ: ಬುಧನಲ್ಲಿ ಮೋಡ ಇದ್ಯಾ? ಮಳೆ ಬರುತ್ತಾ? ಯಾರನ್ನ ಸುತ್ತುತ್ತೆ ಅನ್ನೋದೊಂದೇ ನೋಡಿದ್ರೆ ಆಯ್ತೇನೋ

ವಿದ್ಯಾ: ಇದ್ರಲ್ಲಿ ನಾನು ದೊಡ್ಡಪ್ಪನ ಕಡೆ. ಲೆಕ್ಕಕ್ಕೆ ಉಪಗ್ರಹ, ಒಪ್ತೀನಿ, ಆದ್ರೆ ಅಲ್ಲಿ ನಡೆಯೋದೆಲ್ಲ ಗ್ರಹದ ಕೆಲಸಾನೇ. ಸಮಭಾಜಕದ ಹತ್ರ ಮರಳುದಿಬ್ಬ, ಉತ್ತರ ಧ್ರುವದ ಕಡೆ ಕ್ರಾಕೆನ್ ಮಾರೆ ಥರ ಸಮುದ್ರ, ಒಂದೊಂದು ಋತು ಏಳು ವರ್ಷದ ಮೇಲೆ, ಗುರುತ್ವ ಕಮ್ಮಿ ಗಾಳಿ ದಪ್ಪ ಆಗಿರೋದ್ರಿಂದ ಮಳೆಹನಿ ನಮ್ಮಲ್ಲಿಗಿಂತ ಎಷ್ಟೋ ನಿಧಾನಕ್ಕೆ ಬೀಳುತ್ತೆ. ನನಗೆ ಬೇಜಾರು ಯಾಕೆ ಗೊತ್ತಾ, ಇಷ್ಟೆಲ್ಲಾ ನಿಜ ಇರುವಾಗ ನೀಲಿ ಸಮುದ್ರದ ಸುಳ್ಳು ಫೋಟೋ ಯಾಕೆ ಬೇಕು? ಬಿಸಿಲು ಮೀಥೇನನ್ನ ಒಡೀತಾನೇ ಇರುತ್ತೆ, ಕೆಲವು ಕೋಟಿ ವರ್ಷದಲ್ಲೇ ಖಾಲಿಯಾಗ್ಬೇಕಿತ್ತು, ಆದ್ರೂ ಇದೆ, ಎಲ್ಲಿಂದ ತುಂಬ್ತಿದೆ ಅಂತ ಇವತ್ತಿಗೂ ಇತ್ಯರ್ಥ ಆಗಿಲ್ಲ. ಅದನ್ನ ಫಾರ್ವರ್ಡ್ ಮಾಡಿ!

ಕಿರಣ: ಡ್ರಾಗನ್‌ಫ್ಲೈ ಅನ್ನೋ ಹಾರೋ ನೌಕೆ ಹೋಗೋದು ಅಲ್ಲಿಗೇ ತಾನೆ?

ವಿದ್ಯಾ: ಹೂಂ, ನಾಸಾ ಪ್ಲಾನ್ ಪ್ರಕಾರ 2028ಕ್ಕೆ ಉಡಾವಣೆ, 2034ಕ್ಕೆ ತಲುಪೋದು. ಹೆಲಿಕಾಪ್ಟರ್ ಥರ ತಿರುಗೋ ಎಂಟು ರೋಟರ್. ಆ ಗಾಳೀಲಿ ಹಾರೋದು ಭೂಮಿಗಿಂತ ಸುಲಭ

ದೊಡ್ಡಪ್ಪ: ಬೇರೆ ಗ್ರೂಪಿಗೆ ಸರಿಯಾಗಿ ಬರ್ದು ಹಾಕ್ತೀನಿ. ಸಮುದ್ರ ಅನ್ನೋದು ಮಾತ್ರ ತೆಗೆಯಲ್ಲ

ವಿದ್ಯಾ: ತೆಗೀಬೇಡಿ, ಮೀಥೇನ್ ಸಮುದ್ರ ಅನ್ನಿ. ಸೂಟಿನ ಸಾಲು ಪೂರ್ತಿ ತೆಗೀರಿ, ಹೈಗೆನ್ಸ್ ಫೋಟೋ ಈಗ್ಲೇ ಕಳಿಸ್ತೀನಿ

ಕಿರಣ: "ಗ್ರಹ" ಅಂತ ಹಾಕಿದ್ರೆ ನಾನು ಅಲ್ಲೂ ಬಂದು ವಾದ ಮಾಡ್ತೀನಿ ದೊಡ್ಡಪ್ಪ

ದೊಡ್ಡಪ್ಪ: ಬಾರಯ್ಯ