ಇರುವ ನೀರನ್ನೇ ಉಳಿಸುವುದರಲ್ಲಿ ಎಂಜಿನಿಯರ್ ಕೆಲಸ ಏನು?

ಸಿವಿಲ್ ವಿದ್ಯಾರ್ಥಿನಿ:
ಕೊನೆ ವರ್ಷದಲ್ಲಿದ್ದೇನೆ. ಜಲವಿದ್ಯುತ್ ಅಂದರೆ ಹೊಸ ಅಣೆಕಟ್ಟು ಅಂತಲೇ ಪಾಠಗಳಲ್ಲಿ ಬರುತ್ತದೆ. ಈಗಾಗಲೇ ಕಟ್ಟಿರುವ ಕಡೆ ನೀರು ಉಳಿಸಲು ಎಂಜಿನಿಯರ್ ಏನು ಮಾಡಬಹುದು? ಕೆಲಸದಲ್ಲಿ ಇರುವವರು ಹೇಳಿ.

ಪವರ್‌ಹೌಸ್ ಮೆಂಟೆನೆನ್ಸ್:
ಮೊದಲು ಟ್ರ್ಯಾಶ್ ರ್ಯಾಕ್ ಹತ್ತಿರ ಹೋಗಿ ನಿಲ್ಲಿ. ಟರ್ಬೈನಿಗೆ ಕಸ ಹೋಗದಿರಲಿ ಅಂತ ನೀರು ಒಳಗೆ ಹೋಗುವ ಬಾಯಿಗೆ ಹಾಕಿರುವ ಕಬ್ಬಿಣದ ಸರಳುಗಳು ಅವು. ಮಳೆ ಜೋರಾದಾಗ ಎಲೆ, ಕೊಂಬೆ, ಪ್ಲಾಸ್ಟಿಕ್ ಎಲ್ಲ ಬಂದು ಮೆತ್ತಿಕೊಳ್ಳುತ್ತವೆ. ಸರಳಿನ ಹೊರಗೆ ನೀರಿನ ಮಟ್ಟ ಮೇಲೆ, ಒಳಗೆ ಕೆಳಗೆ. ಆ ವ್ಯತ್ಯಾಸವೆಲ್ಲ ಕಳೆದುಕೊಂಡ ಹೆಡ್, ಅಂದರೆ ಟರ್ಬೈನಿಗೆ ನೀರು ಬೀಳುವ ಎತ್ತರ.

ಲೆಕ್ಕ ಹಾಕಿ ನೋಡಿ. 20 ಮೀಟರ್ ಹೆಡ್, ಸೆಕೆಂಡಿಗೆ 50 ಘನ ಮೀಟರ್ ನೀರು, ದಕ್ಷತೆ 90% ಇದ್ದರೆ ಸುಮಾರು 8.8 ಮೆಗಾವ್ಯಾಟ್ ಬರುತ್ತದೆ. ಕಸದಿಂದ 1 ಮೀಟರ್ ಹೋದರೆ 440 ಕಿಲೋವ್ಯಾಟ್ ಹೋಯಿತು. ಅಷ್ಟನ್ನು ತುಂಬಿಕೊಳ್ಳಲು ಇನ್ನೂ ಜಾಸ್ತಿ ನೀರು ಬಿಡಬೇಕು. ಸರಳು ಕೆರೆದು ಸ್ವಚ್ಛ ಮಾಡಿದ್ದರೆ ಆ ನೀರು ಜಲಾಶಯದಲ್ಲೇ ಇರುತ್ತಿತ್ತು, ಅಲ್ವಾ?

ಲೋಡ್ ಹಂಚುವುದೂ, ಅಂದರೆ ಯಾವ ಟರ್ಬೈನ್ ಎಷ್ಟು ಕರೆಂಟ್ ಕೊಡಬೇಕು ಅಂತ ತೀರ್ಮಾನಿಸುವುದೂ ಹಾಗೆಯೇ. ಫ್ರಾನ್ಸಿಸ್ ಅನ್ನುವ ಬಗೆಯ ಟರ್ಬೈನನ್ನು ಅರ್ಧ ಲೋಡಿನಲ್ಲಿ ಓಡಿಸಿದರೆ ಪ್ರತಿ ಯೂನಿಟ್ ಕರೆಂಟಿಗೆ ಜಾಸ್ತಿ ನೀರು ಬೇಕು, ನಡುಕವೂ ಹೆಚ್ಚು. ಹೊಸ ಅಣೆಕಟ್ಟಿನ ನಕ್ಷೆಗೆ ಸಿಗುವ ಮರ್ಯಾದೆ ಇಂಥ ಕೆಲಸಕ್ಕೆ ಸಿಗುವುದಿಲ್ಲ. ಅದು ನನಗೆ ನಿಜವಾಗಿಯೂ ಬೇಸರ.

ನದಿ ಅಧ್ಯಯನದವಳು:
ಒಪ್ಪಿದೆ ಸರ್. ಆದರೆ ನದಿಗೆ ಬಿಟ್ಟ ನೀರನ್ನು ಸುಮ್ನೆ ಹರಿದು ಹೋದದ್ದು ಅಂತ ಲೆಕ್ಕಕ್ಕೆ ಹಾಕಬೇಡಿ. ಅಮೆರಿಕದ ಕೊಲರಾಡೊ ನದಿಯ ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಹಿಂದೆ ಮರಳು ನಿಂತುಬಿಟ್ಟಿತು. ಕೆಳಗೆ ಗ್ರ್ಯಾಂಡ್ ಕ್ಯಾನ್ಯನ್‌ನ ಮರಳು ದಂಡೆಗಳು ಸವೆಯುತ್ತಾ ಬಂದವು. 1996ರಲ್ಲಿ ಅಲ್ಲಿ ಬೇಕೆಂದೇ ಪ್ರವಾಹದಷ್ಟು ನೀರು ಬಿಟ್ಟರು, ತಳದ ಮರಳು ಎದ್ದು ದಂಡೆಗೆ ಸೇರಲಿ ಅಂತ. ಅದೂ ಎಂಜಿನಿಯರಿಂಗೇ.

ಪವರ್‌ಹೌಸ್ ಮೆಂಟೆನೆನ್ಸ್:
ಸರಿಯಾಗಿ ಹೇಳಿದಿರಿ ಮೇಡಂ. ಹಾಗೆ ನಿಲ್ಲುವ ಹೂಳು ಪವರ್‌ಹೌಸಿನ ನಮಗೂ ಕಾಟವೇ. ಅದರಲ್ಲಿರುವ ಬೆಣಚುಕಲ್ಲಿನ ಪುಡಿ ರನ್ನರ್ (ಟರ್ಬೈನಿನ ತಿರುಗುವ ಚಕ್ರ) ಅಂಚನ್ನು ತಿಂದುಹಾಕುತ್ತದೆ, ದಕ್ಷತೆ ಇಳಿಯುತ್ತದೆ. ಹೂಳು ಹೊರಹಾಕುವ ತಳದ ಗೇಟನ್ನು ನಕ್ಷೆ ಬರೆಯುವಾಗಲೇ ಯೋಚಿಸಬೇಕು. ಕಟ್ಟಿದ ಮೇಲೆ ಸೇರಿಸುವುದು ಬಹಳ ಕಷ್ಟ.

ವಿದ್ಯಾರ್ಥಿನಿಗೆ: ಪ್ರಾಜೆಕ್ಟಿಗೆ ವಿಷಯ ಬೇಕಿದ್ದರೆ ಒಂದು ಹಳೆಯ ಘಟಕದ ಹೆಡ್ ನಷ್ಟ ತೆಗೆದುಕೊಳ್ಳಿ. ಸರಳಿನ ಎರಡೂ ಬದಿಯ ಮಟ್ಟ, ಹರಿವು, ಪ್ರತಿ ಟರ್ಬೈನಿನ ಲೋಡ್, ಇಷ್ಟರ ದಾಖಲೆ ಸಿಕ್ಕರೆ ಶುರು ಮಾಡಬಹುದು. ಲೆಕ್ಕದಲ್ಲಿ ಸಿಕ್ಕಿಕೊಂಡರೆ ಇಲ್ಲೇ ಕೇಳಿ, ನೋಡಿ ಹೇಳುತ್ತೇನೆ.