‘ಅಂತೆ’ಯ ಸಾಕ್ಷ್ಯಕ್ಕೆ ಕ್ರಿಮಿನಲ್ ವಿಚಾರಣೆಯಲ್ಲಿ ಎಷ್ಟು ಜಾಗ?

ಎರಡನೇವರ್ಷ (ಪ್ರಶ್ನೆ)

ಕಾನೂನು ಪದವಿಯ ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಕೇಳಿಕೆಯ ಸಾಕ್ಷ್ಯದ ಮೇಲೆ, ಅಂದರೆ ತರಗತಿಯಲ್ಲಿ ಎಲ್ಲರೂ ‘ಹಿಯರ್‌ಸೇ’ ಎನ್ನುವ ವಿಷಯದ ಮೇಲೆ, ಅಣಕು ನ್ಯಾಯಾಲಯಕ್ಕೆಂದು ನಮಗೆ ಒಂದು ಕಲ್ಪಿತ ಪ್ರಕರಣವನ್ನು ಕೊಟ್ಟಿದ್ದಾರೆ. ರಾತ್ರಿ ಒಬ್ಬನಿಗೆ ಚಾಕುವಿನಿಂದ ಇರಿಯಲಾಗುತ್ತದೆ. ಹತ್ತು ನಿಮಿಷದೊಳಗೆ ಓಡಿಬಂದ ನೆರೆಯವರಿಗೆ ಆತ ಇರಿದವನ ಹೆಸರನ್ನು ಹೇಳುತ್ತಾನೆ. ಬದುಕುವುದು ಅನುಮಾನವೆಂದು ತೋರಿದ್ದರಿಂದ ಮರುದಿನ ಆಸ್ಪತ್ರೆಯಲ್ಲಿ ಮ್ಯಾಜಿಸ್ಟ್ರೇಟರು ಅವನ ಹೇಳಿಕೆಯನ್ನು ಬರೆದುಕೊಳ್ಳುತ್ತಾರೆ. ಆದರೆ ಅವನು ಚೇತರಿಸಿಕೊಂಡು ಮನೆಗೆ ಹೋಗುತ್ತಾನೆ, ಮತ್ತು ವಿಚಾರಣೆ ಆರಂಭವಾಗುವ ಮೊದಲು, ಗಾಯಕ್ಕೆ ಸಂಬಂಧವೇ ಇಲ್ಲದ ಬೇರೆ ಕಾಯಿಲೆಯಿಂದ ತೀರಿಕೊಳ್ಳುತ್ತಾನೆ. ಆರೋಪ ಕೊಲೆಯತ್ನದ್ದು.

ಇದರ ಜೊತೆಗೆ, ಆರೋಪಿ ಓಡಿಹೋಗುವುದನ್ನು ಕಂಡವರೊಬ್ಬರು ತನಗೆ ಹಾಗೆಂದು ತಿಳಿಸಿದರು ಎಂದು ತನಿಖಾಧಿಕಾರಿ ನುಡಿಯುತ್ತಾರೆ, ಆದರೆ ಆ ಕಂಡವರನ್ನು ಯಾರೂ ಸಾಕ್ಷಿಯಾಗಿ ಕರೆಸಿಲ್ಲ. ಆರೋಪಿಯಾದರೋ, ಅಂದು ಬೆಳಗ್ಗೆ ಇಬ್ಬರು ತನ್ನನ್ನು ‘ಇವತ್ತು ನಿನ್ನನ್ನು ಮುಗಿಸುತ್ತೇವೆ’ ಎಂದು ಬೆದರಿಸಿದ್ದರಿಂದಲೇ ಚಾಕುವನ್ನು ಇಟ್ಟುಕೊಂಡಿದ್ದೆ ಎನ್ನುತ್ತಾನೆ.

ಈ ನಾಲ್ಕೂ ಕಿವಿಯಿಂದ ಕೇಳಿದ ಮಾತುಗಳೇ. ಕೇಳಿಕೆಯ ಮಾತು ಸಾಕ್ಷ್ಯವಾಗದು ಎಂಬ ನಿಯಮವನ್ನು ಇದ್ದಂತೆ ಓದಿದರೆ ನಾಲ್ಕೂ ಬಿದ್ದುಹೋಗಬೇಕು. ನಮ್ಮ ತಂಡದಲ್ಲಿ ಕೆಲವರು ಮ್ಯಾಜಿಸ್ಟ್ರೇಟರ ಬರಹ ಮಾತ್ರ ಉಳಿಯುತ್ತದೆ ಎನ್ನುತ್ತಿದ್ದಾರೆ. ತಿಳಿದವರು ದಾರಿ ತೋರಿಸಬೇಕಾಗಿ ವಿನಂತಿ.

ಸಾಕ್ಷಿಕಟ್ಟೆ

ನಿಮ್ಮ ಗೊಂದಲ ‘ಕೇಳಿಕೆ’ ಎಂಬ ಹೆಸರಿನಿಂದಲೇ ಹುಟ್ಟಿದೆ. ಮಾತು ಕಿವಿಯಿಂದ ಬಂತೋ ಕಣ್ಣಿನಿಂದ ಬಂತೋ ಎಂಬುದು ಇಲ್ಲಿ ಮುಖ್ಯವಲ್ಲ. ಆ ಮಾತನ್ನು ಯಾವುದನ್ನು ರುಜುವಾತುಪಡಿಸಲು ತರುತ್ತಿದ್ದಾರೆ ಎಂಬುದೇ ಮುಖ್ಯ. ಹೊರಗೆ ಆಡಿದ ಮಾತಿನೊಳಗಿನ ಸಂಗತಿ ನಿಜವೆಂದು ತೋರಿಸಲು ಅದನ್ನು ತಂದರೆ ಅದು ಕೇಳಿಕೆಯ ಸಾಕ್ಷ್ಯ. ಅಂಥ ಮಾತು ಆಡಲಾಯಿತು ಎಂಬಷ್ಟೇ ಸಂಗತಿಗೆ ತಂದರೆ ಅಲ್ಲ.

ಕನ್ನಡ ಮಾತನಾಡುವ ನಮಗೆ ಇದು ಬೇಗ ಅರ್ಥವಾಗಬೇಕು, ಏಕೆಂದರೆ ನಮ್ಮ ಕ್ರಿಯಾಪದವೇ ಈ ಭೇದವನ್ನು ಹೊತ್ತುಕೊಂಡಿದೆ. ‘ಇರಿದನು’ ಎನ್ನುವವನು ಕಂಡವನು, ‘ಇರಿದನಂತೆ’ ಎನ್ನುವವನು ಇನ್ನೊಬ್ಬರ ಮಾತನ್ನು ದಾಟಿಸುವವನು. ಸಾಕ್ಷಿಕಟ್ಟೆ ಹತ್ತಿದವರು ಎಷ್ಟೋ ಸಲ ಆ ‘ಅಂತೆ’ಯನ್ನು ನುಂಗಿಬಿಡುತ್ತಾರೆ, ಪಾಟೀಸವಾಲಿನ, ಅಂದರೆ ಎದುರು ಪಕ್ಷದವರು ಸಾಕ್ಷಿಯನ್ನು ಪ್ರಶ್ನಿಸುವುದರ, ಅರ್ಧ ಕೆಲಸ ಅದನ್ನು ಮತ್ತೆ ಹೊರಗೆ ತೆಗೆಯುವುದೇ ಆಗಿರುತ್ತದೆ. ಆದರೆ ‘ಮುಗಿಸುತ್ತೇವೆ ಎಂದರು’ ಎಂಬ ಮಾತಿನಲ್ಲಿ ‘ಅಂತೆ’ ಇಲ್ಲ. ಅವರು ಹಾಗೆ ಅಂದದ್ದನ್ನು ಆರೋಪಿ ತಾನೇ ಕೇಳಿದ್ದಾನೆ, ಆ ಬಗ್ಗೆ ಅವನನ್ನೇ ಪಾಟೀಸವಾಲು ಮಾಡಬಹುದು. ಅವರಿಗೆ ನಿಜವಾಗಿಯೂ ಮುಗಿಸುವ ಉದ್ದೇಶವಿತ್ತೇ ಎಂಬುದು ಇಲ್ಲಿ ಬೇಕಾಗಿಯೇ ಇಲ್ಲ, ಅವನಿಗೆ ಭಯವಾಯಿತೇ ಎಂಬುದಷ್ಟೇ ಬೇಕು.

ಇದಕ್ಕೆ ಎಲ್ಲರೂ ಉದಾಹರಿಸುವ ತೀರ್ಪು 1956ರ ಸುಬ್ರಮಣಿಯಮ್ ಪ್ರಕರಣದ್ದು. ಮಲಯದಲ್ಲಿ ತುರ್ತು ನಿಯಮಗಳು ಜಾರಿಯಲ್ಲಿದ್ದಾಗ ಮದ್ದುಗುಂಡು ಇಟ್ಟುಕೊಂಡಿದ್ದಕ್ಕೆ ಅವನಿಗೆ ಮರಣದಂಡನೆಯಾಗಿತ್ತು. ಭಯೋತ್ಪಾದಕರು ತನ್ನನ್ನು ಹಿಡಿದು ಬೆದರಿಸಿದ್ದರು ಎಂಬುದು ಅವನ ರಕ್ಷಣೆ. ಅವರು ಏನೆಂದರು ಎಂಬುದನ್ನು ಹೇಳಲು ಕೆಳಗಿನ ನ್ಯಾಯಾಲಯ ಬಿಡಲಿಲ್ಲ, ಕೇಳಿಕೆಯ ಮಾತೆಂದು ತಡೆಯಿತು. ಬ್ರಿಟಿಷ್ ವಸಾಹತುಗಳ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಪ್ರಿವಿ ಕೌನ್ಸಿಲ್ ಅದನ್ನು ತಪ್ಪೆಂದು ಹೇಳಿ ಶಿಕ್ಷೆಯನ್ನು ರದ್ದುಪಡಿಸಿತು. ನಿಮ್ಮ ಪ್ರಕರಣದ ಬೆದರಿಕೆಯ ಮಾತು ನೇರವಾಗಿ ಈ ಸಾಲಿಗೆ ಸೇರುತ್ತದೆ.

ತನಿಖಾಧಿಕಾರಿಯ ಮಾತು ಇದಕ್ಕೆ ತದ್ವಿರುದ್ಧ. ಕಣ್ಣಿಗೆ ಕಾಣಬಹುದಾದ ಸಂಗತಿಯನ್ನು ಕಂಡವನೇ ಬಂದು ಹೇಳಬೇಕು ಎಂಬುದು 1872ರ ಸಾಕ್ಷ್ಯ ಅಧಿನಿಯಮದ 60ನೆಯ ಕಲಂ, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 55ನೆಯ ಕಲಂ. ಆ ಅಧಿಕಾರಿ ‘ಮಾಹಿತಿ ಬಂದದ್ದರಿಂದ ಇಂಥ ಕಡೆಗೆ ಹೋದೆ’ ಎನ್ನಬಹುದು, ಅದು ತನ್ನ ನಡೆಯ ವಿವರಣೆ. ಆದರೆ ಆ ಮಾಹಿತಿಯ ತಿರುಳನ್ನು ಅದೇ ಉಸಿರಿನಲ್ಲಿ ಸೇರಿಸಿಬಿಡುವುದು ಹಳೆಯ ಚಾಳಿ. ಪ್ರತಿವಾದದ ವಕೀಲರು ಅಲ್ಲೇ ಎದ್ದು ನಿಲ್ಲಬೇಕು.

ಹಳೆಕಡತ

ಮೇಲಿನವರು ಎರಡನ್ನು ಬಗೆಹರಿಸಿದ್ದಾರೆ. ಕಷ್ಟದವು ಉಳಿದಿವೆ, ಮತ್ತು ಇಲ್ಲಿ ನಿಮ್ಮ ತಂಡದ ಲೆಕ್ಕ ತಲೆಕೆಳಗಾಗಿದೆ. ನನ್ನ ಅಭಿಪ್ರಾಯದಲ್ಲಿ ಮ್ಯಾಜಿಸ್ಟ್ರೇಟರ ಗಂಭೀರವಾದ ಬರಹ ಬೀಳುತ್ತದೆ, ನೆರೆಯವರ ಬಾಯಿಮಾತು ಉಳಿಯುವ ಸಾಧ್ಯತೆಯಿದೆ.

ಮೊದಲು ಮರಣಕಾಲದ ಹೇಳಿಕೆ. ಹಿಂದಿನ ಅಧಿನಿಯಮದ 32(1)ನೆಯ ಕಲಂ, ಈಗಿನ 26(ಎ), ಸಾವಿನ ಕಾರಣದ ಬಗ್ಗೆ ಅಥವಾ ಸಾವಿನಲ್ಲಿ ಕೊನೆಗೊಂಡ ವ್ಯವಹಾರದ (ಅಂದರೆ ಒಟ್ಟು ಘಟನಾವಳಿಯ) ಸನ್ನಿವೇಶದ ಬಗ್ಗೆ ಸತ್ತವನು ಆಡಿದ ಮಾತನ್ನು ಒಳಗೆ ಬಿಡುತ್ತದೆ. ಅಂದಿನ ಇಂಗ್ಲೆಂಡಿನ ನಿಯಮಕ್ಕಿಂತ ನಮ್ಮದು ಎರಡು ರೀತಿಯಲ್ಲಿ ವಿಶಾಲ: ಹೇಳುವಾಗ ಸಾವನ್ನು ನಿರೀಕ್ಷಿಸುತ್ತಿರಬೇಕೆಂದಿಲ್ಲ, ಮಾತು ಗಾಯದ ನಂತರವೇ ಬರಬೇಕೆಂದೂ ಇಲ್ಲ. 1939ರ ಪಾಕಲ ನಾರಾಯಣ ಸ್ವಾಮಿ ಪ್ರಕರಣದಲ್ಲಿ ಮೃತನು ಮನೆಯಿಂದ ಹೊರಡುವಾಗ, ತನಗೆ ಬರಬೇಕಾದ ಹಣಕ್ಕಾಗಿ ಬರಹೇಳಿದ್ದಾರೆ, ಬೆರ್ಹಾಂಪುರಕ್ಕೆ ಹೋಗುತ್ತಿದ್ದೇನೆ ಎಂದು ಹೆಂಡತಿಗೆ ಹೇಳಿದ್ದ. ಕೆಲವು ದಿನಗಳಲ್ಲಿ ಅವನ ಶವ ಪುರಿಯ ರೈಲಿನಲ್ಲಿ ಟ್ರಂಕಿನೊಳಗೆ ಸಿಕ್ಕಿತು. ಕೊಲೆಯ ಸುಳಿವೂ ಇಲ್ಲದಿದ್ದಾಗ ಆಡಿದ ಆ ಮಾತನ್ನು ಪ್ರಿವಿ ಕೌನ್ಸಿಲ್ ‘ವ್ಯವಹಾರದ ಸನ್ನಿವೇಶ’ ಎಂದು ಒಪ್ಪಿತು. 1885ರಲ್ಲೇ ಅಲಹಾಬಾದ್ ಹೈಕೋರ್ಟಿನ ಪೂರ್ಣಪೀಠ, ಕತ್ತು ಕೊಯ್ದದ್ದರಿಂದ ಮಾತನಾಡಲಾಗದ ಯುವತಿಯ ಕೈಸನ್ನೆಯನ್ನೂ ಹೇಳಿಕೆಯೆಂದೇ ಎಣಿಸಿತ್ತು.

ಇಷ್ಟು ವಿಶಾಲವಾದ ಬಾಗಿಲಿನಲ್ಲಿಯೂ ನಿಮ್ಮ ಗಾಯಾಳು ಒಳಗೆ ಬರಲಾರ, ಏಕೆಂದರೆ ಆ ಕಲಂ ಅನ್ವಯಿಸಲು ಹೇಳಿದವನ ಸಾವಿನ ಕಾರಣವೇ ಪ್ರಕರಣದಲ್ಲಿ ಪ್ರಶ್ನೆಯಾಗಿರಬೇಕು. ಇಲ್ಲಿ ಆರೋಪ ಕೊಲೆಯತ್ನ, ಸಾವು ಬೇರೆ ಕಾಯಿಲೆಯಿಂದ. ಬಸ್ಸಿಗೆ ಬೆಂಕಿ ಹಚ್ಚಿದ ಗೆಂಟೇಲ ವಿಜಯವರ್ಧನ ರಾವ್ ಪ್ರಕರಣದಲ್ಲಿ (1996) ಗಾಯಗೊಂಡವರ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರು ದಾಖಲಿಸಿದ್ದರು, ಆಮೇಲೆ ಅವರು ಬದುಕಿ ಉಳಿದರು. ಅದು ಮರಣಕಾಲದ ಹೇಳಿಕೆಯಾಗದು, ಕಾಲದ ಅಂತರವಿದ್ದುದರಿಂದ ಘಟನೆಯ ಭಾಗವೂ ಆಗದು, ಅವರು ಸಾಕ್ಷಿಗಳಾಗಿ ಬಂದಾಗ ಅವರ ನುಡಿಯನ್ನು ಸಮರ್ಥಿಸಲೋ ವ್ಯತ್ಯಾಸ ತೋರಿಸಲೋ ಮಾತ್ರ ಉಪಯೋಗ ಎಂದು ಸುಪ್ರೀಂ ಕೋರ್ಟ್ ಹೇಳಿತು. ನಿಮ್ಮ ಗಾಯಾಳು ಸಾಕ್ಷಿಕಟ್ಟೆಗೆ ಬರುವಂತೆಯೇ ಇಲ್ಲ, ಹಾಗಾಗಿ ಆ ಉಪಯೋಗವೂ ಇಲ್ಲ. ಹಿಂದಿನ ನ್ಯಾಯಿಕ ನಡವಳಿಯಲ್ಲಿ ಕೊಟ್ಟ ಸಾಕ್ಷ್ಯ ಎನ್ನೋಣವೆಂದರೆ, 27ನೆಯ ಕಲಂ ಎದುರು ಪಕ್ಷಕ್ಕೆ ಪಾಟೀಸವಾಲಿನ ಅವಕಾಶ ಇದ್ದಿರಬೇಕೆಂದು ಕೇಳುತ್ತದೆ. ಆಸ್ಪತ್ರೆಯ ಹಾಸಿಗೆಯ ಬಳಿ ಆರೋಪಿಯ ವಕೀಲರು ಇರಲಿಲ್ಲ.

ನೆರೆಯವರ ಮಾತಿಗೆ 4ನೆಯ ಕಲಂ (ಹಿಂದಿನ 6) ಆಸರೆ. ಹೊಡೆಯುವಾಗ, ಅಥವಾ ಅದೇ ವ್ಯವಹಾರದ ಭಾಗವೆನಿಸುವಷ್ಟು ಸ್ವಲ್ಪ ಮುಂಚೆ ಇಲ್ಲವೇ ನಂತರ, ಹೊಡೆದವನೋ ಹೊಡೆಸಿಕೊಂಡವನೋ ನಿಂತು ನೋಡಿದವರೋ ಆಡಿದ ಮಾತು ಪ್ರಸ್ತುತ ಎಂದು ಆ ಕಲಮಿನ ಮೊದಲ ದೃಷ್ಟಾಂತವೇ ಹೇಳುತ್ತದೆ. ಇಲ್ಲಿ ಹೇಳಿದವನು ಸತ್ತಿರಬೇಕೆಂಬ ಷರತ್ತಿಲ್ಲ.

ಎರಡನೇವರ್ಷ

ಇಬ್ಬರಿಗೂ ಧನ್ಯವಾದಗಳು. ಆದರೆ ಇದು ವಿಚಿತ್ರವಾಗಿ ಕಾಣುತ್ತದೆ. ಅಧಿಕಾರಿಯೊಬ್ಬರು ಪ್ರಶ್ನೆ ಕೇಳಿ, ಓದಿ ಹೇಳಿ, ಸಹಿ ಹಾಕಿಸಿಕೊಂಡ ಬರಹ ಹೊರಗೆ, ನೆರೆಯವರ ನೆನಪಿನಲ್ಲಿರುವ ಒಂದು ವಾಕ್ಯ ಒಳಗೆ! ಬೇರೆ ದೇಶಗಳಲ್ಲಿಯೂ ಹೀಗೆಯೇ ಇದೆಯೇ?

ದೂರದನೋಟ

ಇಂಗ್ಲೆಂಡಿನಲ್ಲಿ ಹೀಗಿಲ್ಲ, ಅಮೆರಿಕದಲ್ಲಿ ಬಹುಮಟ್ಟಿಗೆ ಹೀಗೆಯೇ ಇದೆ. ಆದರೆ ಅಲ್ಲಿಯ ಕಾರಣ ಬೇರೆ.

ಅಮೆರಿಕದ ಸಂವಿಧಾನದ ಆರನೆಯ ತಿದ್ದುಪಡಿ ಆರೋಪಿಗೆ ತನ್ನ ವಿರುದ್ಧದ ಸಾಕ್ಷಿಗಳನ್ನು ಮುಖಾಮುಖಿಯಾಗಿ ಎದುರಿಸುವ ಹಕ್ಕನ್ನು ಕೊಡುತ್ತದೆ. 1980ರಿಂದ, ಹೇಳಿಕೆ ನಂಬಲರ್ಹವಾಗಿದ್ದರೆ ಸಾಕೆಂಬ ನಿಲುವು ನಡೆದಿತ್ತು. 2004ರ ಕ್ರಾಫರ್ಡ್ ತೀರ್ಪು ಅದನ್ನು ತಳ್ಳಿಹಾಕಿತು. ಅದೂ ಇರಿತದ ಪ್ರಕರಣವೇ. ಆರೋಪಿಯ ಪತ್ನಿ ಪೊಲೀಸರಿಗೆ ಕೊಟ್ಟ ಹೇಳಿಕೆಯ ಧ್ವನಿಮುದ್ರಣವನ್ನು ಅವರನ್ನು ಸಾಕ್ಷಿಕಟ್ಟೆಗೆ ಕರೆಯದೆಯೇ ಕೇಳಿಸಲಾಗಿತ್ತು. ಮುಂದೆ ವಿಚಾರಣೆಯಲ್ಲಿ ಬಳಸಲೆಂದು ಅಧಿಕಾರಿಗಳು ಪಡೆದ, ಸಾಕ್ಷ್ಯದ ಸ್ವರೂಪವೇ ಇರುವ ಹೇಳಿಕೆಯಾದರೆ, ಅದು ಎಷ್ಟೇ ನಂಬಲರ್ಹವಾಗಿ ಕಂಡರೂ, ಹೇಳಿದವರು ಲಭ್ಯರಿಲ್ಲದಿರಬೇಕು ಮತ್ತು ಅವರನ್ನು ಪಾಟೀಸವಾಲು ಮಾಡುವ ಅವಕಾಶ ಆರೋಪಿಗೆ ಮೊದಲೇ ಸಿಕ್ಕಿರಬೇಕು. ನಿಮಗೆ ವಿಚಿತ್ರವೆನಿಸಿದ ಫಲಿತಾಂಶದ ಹಿಂದಿನ ತರ್ಕ ಇದರಲ್ಲಿದೆ: ಹೇಳಿಕೆ ಎಷ್ಟು ವಿಧಿವತ್ತಾಗಿರುತ್ತದೋ ಅಷ್ಟರಮಟ್ಟಿಗೆ ಅದು ವಿಚಾರಣೆಯ ಜಾಗವನ್ನೇ ಆಕ್ರಮಿಸುತ್ತದೆ. 1603ರಲ್ಲಿ ಇಂಗ್ಲೆಂಡಿನಲ್ಲಿ ವಾಲ್ಟರ್ ರಾಲೀ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ, ಕೋಬಮ್ ಎಂಬವನ ಲಿಖಿತ ತಪ್ಪೊಪ್ಪಿಗೆಯನ್ನು ಓದಿ ಅವನನ್ನು ದೋಷಿಯೆಂದರು. ಕೋಬಮ್‌ನನ್ನು ನನ್ನ ಎದುರಿಗೆ ಕರೆಸಿ ಎಂದು ರಾಲೀ ಬೇಡಿದರೂ ಕರೆಸಲಿಲ್ಲ. ಅಲ್ಲಿಯೂ ಕಾಗದ ಅಚ್ಚುಕಟ್ಟಾಗಿಯೇ ಇತ್ತು.

ಇಂಗ್ಲೆಂಡ್ ಬೇರೆ ದಾರಿ ಹಿಡಿಯಿತು. 1964ರ ಮೈಯರ್ಸ್ ಪ್ರಕರಣದಲ್ಲಿ, ಕಾರ್ಖಾನೆಯಲ್ಲಿ ಎಂಜಿನ್ ಸಂಖ್ಯೆಗಳನ್ನು ಬರೆದಿಟ್ಟ ಕಾರ್ಮಿಕರು ಯಾರೆಂದು ಗುರುತಿಸಲಾಗದೆ ಆ ದಾಖಲೆಗಳನ್ನೇ ಅಗ್ರಾಹ್ಯವೆಂದ ಮೇಲೆ ನಿಯಮದ ಬಿಗಿ ಎಲ್ಲರಿಗೂ ಕಂಡಿತು. 2003ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯ ಪ್ರಕಾರ ಕೇಳಿಕೆಯ ಸಾಕ್ಷ್ಯ ನಾಲ್ಕು ದಾರಿಗಳಲ್ಲಿ ಒಳಗೆ ಬರಬಹುದು, ಕೊನೆಯದು ‘ನ್ಯಾಯದ ಹಿತ’. ಹೇಳಿದವನು ಸತ್ತಿದ್ದರೆ ಯಾವ ಕಾರಣದಿಂದ ಸತ್ತ ಎಂಬುದನ್ನು ಅದು ಕೇಳುವುದೇ ಇಲ್ಲ, ಆದ್ದರಿಂದ ನಿಮ್ಮ ಮ್ಯಾಜಿಸ್ಟ್ರೇಟರ ಬರಹಕ್ಕೆ ಅಲ್ಲಿ ಬಾಗಿಲು ತೆರೆದೇ ಇದೆ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2011ರಲ್ಲಿ ಇಂಥ ಎರಡು ಪ್ರಕರಣಗಳನ್ನು ಒಟ್ಟಿಗೆ ನೋಡಿತು. ಅಲ್-ಖವಾಜಾ ಪ್ರಕರಣದಲ್ಲಿ ದೂರುದಾರೆ ವಿಚಾರಣೆಗೆ ಮೊದಲೇ ತೀರಿಕೊಂಡಿದ್ದರು, ಆದರೆ ಅದೇ ಮಾತನ್ನು ಬೇಗನೆ ಇಬ್ಬರು ಸ್ನೇಹಿತರಿಗೂ ಹೇಳಿದ್ದರು; ಅಲ್ಲಿ ಅನ್ಯಾಯವಾಗಿಲ್ಲ ಎಂದಿತು. ಇರಿತದ ತಾಹೆರಿ ಪ್ರಕರಣದಲ್ಲಿ ಭಯದಿಂದ ಬಾರದ ಒಬ್ಬನೇ ಸಾಕ್ಷಿಯ ಹೇಳಿಕೆಯ ಮೇಲೆ ಎಲ್ಲವೂ ನಿಂತಿತ್ತು. ಅಲ್ಲಿ ಅನ್ಯಾಯವಾಗಿದೆ ಎಂದಿತು.

ಸಾಕ್ಷಿಕಟ್ಟೆ

‘ನ್ಯಾಯದ ಹಿತ’ ಎಂಬ ದಾರಿಯ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಯಾರ ಹಿತವೆಂಬುದು ನ್ಯಾಯಾಧೀಶರಿಂದ ನ್ಯಾಯಾಧೀಶರಿಗೆ ಬದಲಾಗುತ್ತದೆ. ಸಾಕ್ಷ್ಯ ಮನದಟ್ಟಾಗುವಂತಿಲ್ಲದಿದ್ದರೆ ವಿಚಾರಣೆಯನ್ನು ನಿಲ್ಲಿಸುವ ಅಧಿಕಾರವನ್ನೂ ಅದೇ ಕಾಯ್ದೆ ಕೊಟ್ಟಿದೆ ಎಂಬುದು ನಿಜ, ಆದರೂ ಸತ್ತವನನ್ನು ಪ್ರಶ್ನಿಸಲಾಗದ ಕೊರತೆ ಅದರಿಂದ ತುಂಬುವುದಿಲ್ಲ.

ಇನ್ನೊಂದು ಮಾತು. ವಾಟ್ಸ್‌ಆ್ಯಪ್ ಸಂದೇಶಕ್ಕೆ ನಮ್ಮ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರ ಹಾಜರುಪಡಿಸಿದರೆ ಕೇಳಿಕೆಯ ಆಕ್ಷೇಪಣೆ ಮುಗಿಯಿತೆಂದು ಅನೇಕರು ಭಾವಿಸುತ್ತಾರೆ. ಆ ಪತ್ರ ವಿದ್ಯುನ್ಮಾನ ದಾಖಲೆಯನ್ನು ಹಾಜರುಪಡಿಸುವ ವಿಧಾನಕ್ಕಷ್ಟೇ ಸಂಬಂಧಿಸಿದ್ದು. ಸಂದೇಶದಲ್ಲಿ ಬರೆದದ್ದು ನಿಜವೇ ಎಂಬ ಪ್ರಶ್ನೆ ಇದ್ದಲ್ಲಿಯೇ ಇರುತ್ತದೆ.

ಹಳೆಕಡತ

ಅಣಕು ನ್ಯಾಯಾಲಯದಲ್ಲಿ ನಿಮ್ಮ ಸಮಯದ ಬಹುಪಾಲನ್ನು ಆ ಹತ್ತು ನಿಮಿಷಗಳಿಗೆ ಮೀಸಲಿಡಿ. ಇಂಗ್ಲೆಂಡಿನ 1879ರ ಬೆಡಿಂಗ್‌ಫೀಲ್ಡ್ ಪ್ರಕರಣದಲ್ಲಿ ಕತ್ತು ಕೊಯ್ದ ಸ್ಥಿತಿಯಲ್ಲಿ ಹೊರಗೆ ಬಂದ ಮಹಿಳೆ ಆಡಿದ ಮಾತನ್ನು, ಕೃತ್ಯ ಅಷ್ಟರಲ್ಲಿ ಮುಗಿದಿತ್ತು ಎಂಬ ಕಾರಣಕ್ಕೆ, ಹೊರಗಿಟ್ಟರು. ಒಂದು ಶತಮಾನದ ನಂತರ, 1971ರ ರ‍್ಯಾಟನ್ ಮತ್ತು 1987ರ ಆ್ಯಂಡ್ರೂಸ್ ತೀರ್ಪುಗಳು ಗಡಿಯಾರವನ್ನು ಬಿಟ್ಟು ಮನಸ್ಸನ್ನು ನೋಡಿದವು: ಘಟನೆಯ ಆಘಾತ ಇನ್ನೂ ಹಿಡಿದಿಟ್ಟುಕೊಂಡಿದ್ದು, ಕಥೆ ಕಟ್ಟಲು ಅವಕಾಶವಿರಲಿಲ್ಲವೇ? ನಮ್ಮ ಕಲಂ ಕೇಳುವುದು ಅದೇ ವ್ಯವಹಾರದ ಭಾಗವೇ ಎಂದು. ಭಾಷೆ ಬೇರೆಯಾದರೂ ವಾದ ಅದೇ ನೆಲದಲ್ಲಿ ನಡೆಯುತ್ತದೆ.

ಆದ್ದರಿಂದ ಸಾಕ್ಷ್ಯದ ಸಾರಾಂಶವನ್ನು ಮತ್ತೊಮ್ಮೆ ಓದಿ. ಆ ಹತ್ತು ನಿಮಿಷ ಗಾಯಾಳು ಒಬ್ಬನೇ ಇದ್ದನೇ, ಬೇರೆ ಯಾರಾದರೂ ಅವನೊಡನೆ ಮಾತನಾಡಿದ್ದರೇ, ಇಬ್ಬರ ನಡುವೆ ಹಳೆಯ ವೈಷಮ್ಯವಿತ್ತೇ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ, ನೆರೆಯವರು ‘ಯಾರು ಇರಿದರು?’ ಎಂದು ಕೇಳಿದರೋ, ‘ಅವನೇ ಅಲ್ಲವೇ?’ ಎಂದು ಕೇಳಿದರೋ ಗಮನಿಸಿ. ಎರಡನೆಯದು ಉತ್ತರವನ್ನು ಗಾಯಾಳುವಿನ ಬಾಯಿಗೆ ಇಟ್ಟುಕೊಟ್ಟಂತೆ.

ಎರಡನೇವರ್ಷ

ಈಗಷ್ಟೇ ನೋಡಿದೆ. ‘ಮತ್ತೆ ಅವನೇನಾ?’ ಎಂದು ಕೇಳಿದಾಗ ಗಾಯಾಳು ತಲೆಯಾಡಿಸಿ ಹೆಸರು ಹೇಳಿದ ಎಂದಿದೆ. ನಾವು ಅಭಿಯೋಜನೆಯ, ಅಂದರೆ ಆರೋಪವನ್ನು ರುಜುವಾತುಪಡಿಸಬೇಕಾದ ಕಡೆಯ, ಪರ ವಾದಿಸಬೇಕಾದವರು.